ಪಟ್ಟಿಯಲ್ಲಿರುವ ಮೀನು, ಬಲೆಗೆ ಬಿದ್ದ ಮೀನು

2021ರ ಮಾರ್ಚ್‌ನಲ್ಲಿ ಮಲ್ಪೆ ಬಂದರಿಗೆ ಬಂದ ಬೋಟೊಂದರಿಂದ ಸುಮಾರು 250 ಕಿಲೋ ತೂಕದ ಗರಗಸ ಮೀನನ್ನು ಕ್ರೇನ್ ಹಚ್ಚಿ ಇಳಿಸಲಾಯಿತು. ಮೂತಿಯ ಮುಂದಕ್ಕೆ ಚಾಚಿಕೊಂಡ ಪಟ್ಟಿ, ಅದರ ಎರಡೂ ಅಂಚಿಗೆ ಸಾಲು ಹಲ್ಲು. ನೋಡಲು ಜನ ಸೇರಿದರು, ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು, ಮೀನು ಮಾರಾಟವೂ ಆಯಿತು. ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿರುವ ಜೀವಿ, ಕಾನೂನಿನ ಲೆಕ್ಕದಲ್ಲಿ ಹುಲಿ ಆನೆಗಳ ಸಾಲಿಗೆ ಸೇರಿದ್ದು ಎಂಬ ಮಾತು ಎದ್ದದ್ದು ಆಮೇಲೆ.

ಇಂಥ ಘಟನೆಯಲ್ಲಿ ತಪ್ಪಿತಸ್ಥನನ್ನು ಹುಡುಕುವುದು ಸುಲಭ, ಆದರೆ ಅದರಿಂದ ಉಪಯೋಗವಿಲ್ಲ. ಹುಲಿ ಸಾಯಬೇಕಾದರೆ ಯಾರೋ ಒಬ್ಬ ಉರುಳು ಒಡ್ಡಬೇಕು, ವಿಷವಿಡಬೇಕು, ಬಂದೂಕು ಹಿಡಿಯಬೇಕು. ಗರಗಸ ಮೀನು ಸಾಯಲು ಯಾರೂ ಮನಸ್ಸು ಮಾಡಬೇಕಿಲ್ಲ. ಅಂಜಲಿಗೋ ಮಾಂಜಿಗೋ ಬಿಟ್ಟ ಬಲೆಯ ಒಂದು ಕಣ್ಣಿಗೆ ಅದರ ಒಂದು ಹಲ್ಲು ಸಿಕ್ಕಿಕೊಂಡರೆ ಸಾಕು. ಬಿಡಿಸಿಕೊಳ್ಳಲು ಹೊರಳಿದಷ್ಟೂ ಬಲೆ ಸುತ್ತಿಕೊಳ್ಳುತ್ತದೆ. ಬಲೆ ಎಳೆಯುವ ಹೊತ್ತಿಗೆ ಕಾಯ್ದೆ ಯಾವುದನ್ನು ಬೇಡವೆಂದಿತ್ತೋ ಅದು ನಡೆದುಹೋಗಿರುತ್ತದೆ. ಸೆರೆಹಿಡಿಯುವುದೂ ಕಾಯ್ದೆಯ ಪ್ರಕಾರ ಬೇಟೆಯೇ. ಬೇಕೆಂದು ಹಿಡಿದದ್ದು, ಬೇಡದೆ ಬಂದದ್ದು ಎಂಬ ಭೇದವನ್ನು ಅದು ಕಡಲಿಗೆಂದು ಬಿಡಿಸಿ ಹೇಳಿಲ್ಲ. ಈಗ ಬೋಟಿನ ತಂಡೇಲನ ಮುಂದೆ ಎರಡು ದಾರಿ ಉಳಿಯುತ್ತವೆ: ಸತ್ತ ಮೀನನ್ನು ದಡಕ್ಕೆ ತಂದು ಸಿಕ್ಕಿಬೀಳುವ ಭಯದಲ್ಲಿ ಮಾರುವುದು, ಇಲ್ಲವೇ ಯಾರಿಗೂ ಹೇಳದೆ ಕಡಲಿಗೆ ಎಸೆಯುವುದು. ಮೀನಿಗೆ ಎರಡರಿಂದಲೂ ಲಾಭವಿಲ್ಲ. ಎಸೆದರೆ ಅಂಥದ್ದೊಂದು ಮೀನು ಅಲ್ಲಿತ್ತು ಎಂಬ ಸಂಗತಿಯೂ ಅದರ ಜೊತೆಗೇ ಮುಳುಗುತ್ತದೆ.

ಅಳಿವಿನಂಚಿನ ಜೀವಿಗಳ ಕಾನೂನು ಮೀನುಗಾರಿಕೆಗೆ ಬೇಕೇ ಬೇಡವೇ ಎಂದು ಎರಡು ಪಾಳಯವಾಗಿ ನಿಂತು ವಾದಿಸುವವರು ಈ ಬಿಕ್ಕಟ್ಟನ್ನು ದಾಟಿ ಹೋಗುತ್ತಾರೆ. ಕಾನೂನು ಬೇಕೇ ಬೇಕು. ಆದರೆ ಭಾರತದ ಕಾನೂನು ಕಡಲಿನ ವಿಷಯದಲ್ಲಿ ನಿಷೇಧಿಸುವುದನ್ನು ಮಾತ್ರ ಕಲಿತಿದೆ, ಎಣಿಸುವುದನ್ನು ಕಲಿತಿಲ್ಲ. ಎಣಿಸಲು ಬಾರದ ಕಾನೂನಿನಿಂದ ಮೀನುಗಾರಿಕೆಯ ನಿರ್ವಹಣೆ ಸಾಧ್ಯವಿಲ್ಲ.

ಕಾನೂನು ಏಕೆ ಬೇಕು ಎಂಬುದಕ್ಕೆ ಉತ್ತರ ಮೀನುಗಾರಿಕೆಯ ಲೆಕ್ಕಾಚಾರದಲ್ಲೇ ಇದೆ. ಬೂತಾಯಿ ಒಂದು ವರ್ಷದ ಹೊತ್ತಿಗೆ ಮೊಟ್ಟೆಗೆ ಬರುತ್ತದೆ, ಒಂದು ಹೆಣ್ಣು ಸಾವಿರಾರು ಮೊಟ್ಟೆ ಬಿಡುತ್ತದೆ. ಮಳೆ, ಕಡಲ ಪ್ರವಾಹ, ಆಹಾರ ಕೂಡಿಬಂದರೆ ಕುಸಿದ ಬೂತಾಯಿ ಕೆಲವೇ ವರ್ಷಗಳಲ್ಲಿ ಮತ್ತೆ ಕಡಲು ತುಂಬಬಲ್ಲದು. ಶಾರ್ಕ್, ಅಂದರೆ ಕರಾವಳಿಯವರ ತಾಟೆ, ಹಾಗಲ್ಲ. ಪ್ರಾಯಕ್ಕೆ ಬರಲು ಹಲವು ವರ್ಷ ಬೇಕು, ತಿಂಗಳುಗಟ್ಟಲೆ ಗರ್ಭ, ಹೆರುವುದು ಕೆಲವೇ ಮರಿ. ತೊರಕೆಯ, ಅಂದರೆ ರೇ ಮೀನಿನ, ಕಥೆಯೂ ಹೆಚ್ಚುಕಡಿಮೆ ಅದೇ. ಒಂದೇ ಟ್ರಾಲ್ ಬಲೆ ಈ ಎರಡು ಬಗೆಯ ಜೀವಿಗಳನ್ನೂ ಒಟ್ಟಿಗೆ ಬಾಚುತ್ತದೆ. ಬೇಗ ಹುಟ್ಟಿ ಬೇಗ ಬೆಳೆಯುವ ಮೀನಿನಿಂದ ಬೋಟಿನ ಡೀಸೆಲ್ ಖರ್ಚು ಹುಟ್ಟುವವರೆಗೂ ಬಲೆ ಓಡುತ್ತಲೇ ಇರುತ್ತದೆ, ನಿಧಾನದವು ಒಂದೊಂದಾಗಿ ಖಾಲಿಯಾಗುತ್ತವೆ. ಬಂದರಿನ ಒಟ್ಟು ಟನ್ ಲೆಕ್ಕದಲ್ಲಿ ಇದು ಕಾಣುವುದೇ ಇಲ್ಲ. ಈ ವರ್ಷ ಮೀನುಗಾರಿಕೆ ಚೆನ್ನಾಗಿದೆ ಎಂದು ವರದಿ ಹೇಳುತ್ತಿರುವಾಗಲೇ ಗರಗಸ ಮೀನು ಇಡೀ ಕರಾವಳಿಯಿಂದ ಮಾಯವಾಗಿರಬಹುದು. ಒಟ್ಟು ಮೊತ್ತವನ್ನು ನೋಡುವ ಮೀನುಗಾರಿಕೆ ಇಲಾಖೆಯ ಕಣ್ಣಿಗೆ ಬೀಳದ ಈ ನಷ್ಟವನ್ನು ಹೆಸರು ಹಿಡಿದು ಕರೆಯಲು ಪ್ರಭೇದಗಳ ಪಟ್ಟಿಯೊಂದು ಬೇಕು.

ಭಾರತದ ಪಟ್ಟಿ ಕಡಲಿಗೆ ಇಳಿದ ರೀತಿ ಮಾತ್ರ ಅವಸರದ್ದು. 1972ರ ವನ್ಯಜೀವಿ ಕಾಯ್ದೆ ಕಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು; ಮೀನುಗಳಿಗೆ ಅದರಲ್ಲಿ ಜಾಗ ಸಿಕ್ಕಿದ್ದು 2001ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ತಿಮಿಂಗಿಲ ಶಾರ್ಕ್ ಒಂದನೇ ಅನುಸೂಚಿಗೆ ಸೇರಿತು. ಗುಜರಾತಿನ ವೆರಾವಲ್ ಸುತ್ತ ಅದನ್ನು ಕೊಕ್ಕೆ ಹಾಕಿ ಹಿಡಿದು ಕೊಲ್ಲುತ್ತಿದ್ದುದನ್ನು ಮೈಕ್ ಪಾಂಡೆ ಅವರ ‘ಶೋರ್ಸ್ ಆಫ್ ಸೈಲೆನ್ಸ್’ ಸಾಕ್ಷ್ಯಚಿತ್ರ ಲೋಕಕ್ಕೆ ತೋರಿಸಿತ್ತು. ಅಲ್ಲಿಗೆ ನಿಂತಿದ್ದರೆ ಸರಿಯಾಗಿತ್ತು. ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಎಲ್ಲ ಶಾರ್ಕ್‌ಗಳನ್ನೂ ಎಲ್ಲ ತೊರಕೆಗಳನ್ನೂ ಒಂದೇ ಅಧಿಸೂಚನೆಯಲ್ಲಿ ಪಟ್ಟಿಗೆ ಸೇರಿಸಿಬಿಟ್ಟಿತು. ಜಗತ್ತಿನಲ್ಲಿ ಅತಿ ಹೆಚ್ಚು ಶಾರ್ಕ್ ಹಿಡಿಯುವ ದೇಶಗಳ ಮುಂಚೂಣಿಯಲ್ಲಿರುವ ಭಾರತದಲ್ಲಿ ಒಂದು ಬೆಳಗಾಗುವುದರೊಳಗೆ ಸಂತೆಯ ಮೀನು ಅಪರಾಧದ ಮಾಲಾಯಿತು. ಕನ್ಯಾಕುಮಾರಿ ಜಿಲ್ಲೆಯ ತೂತೂರಿನ ಮೀನುಗಾರರು ಗಾಳದ ಹಗ್ಗ ಹಿಡಿದು ಅರಬ್ಬಿ ಸಮುದ್ರದ ಆಳಕ್ಕೆ ಹೋಗಿ ತಾಟೆ ಹಿಡಿಯುವುದನ್ನೇ ಬದುಕಾಗಿಸಿಕೊಂಡವರು. ಅವರು ಬೀದಿಗಿಳಿದರು; ಮೀನುಗಾರಿಕಾ ವಿಜ್ಞಾನಿಗಳೂ ತಕರಾರೆತ್ತಿದರು. ಡಿಸೆಂಬರ್‌ನಲ್ಲಿ ಪಟ್ಟಿಯನ್ನು ಹತ್ತು ಪ್ರಭೇದಗಳಿಗೆ ಇಳಿಸಲಾಯಿತು.

ಐದೇ ತಿಂಗಳಲ್ಲಿ ಎಲ್ಲವೂ ನಿಷಿದ್ಧ, ಆಮೇಲೆ ಬಹುಪಾಲು ಮುಕ್ತ. ಈ ಎರಡರ ನಡುವೆ ಎಷ್ಟು ಹಿಡಿಯಬಹುದು, ಯಾವ ಗಾತ್ರದ್ದನ್ನು ಬಿಡಬೇಕು, ಎಲ್ಲಿ ಮರಿಹಾಕುತ್ತವೆ, ಆ ಹೊತ್ತಿಗೆ ಅಲ್ಲಿ ಬಲೆ ಬೇಕೇ ಎಂಬ ಪ್ರಶ್ನೆಗಳಿಗೆ ಜಾಗವೇ ಸಿಗಲಿಲ್ಲ. ನಿರ್ವಹಣೆ ಇರುವುದೇ ಆ ಪ್ರಶ್ನೆಗಳಲ್ಲಿ. ಮುಂದೆ ಬಂದ ನಿಯಮಗಳೂ ನಿಷೇಧದ ಭಾಷೆಯಲ್ಲೇ ಮಾತಾಡಿದವು: 2013ರಲ್ಲಿ ಬೋಟಿನ ಮೇಲೆ ಶಾರ್ಕಿನ ರೆಕ್ಕೆ ಕತ್ತರಿಸುವುದಕ್ಕೆ ತಡೆ, 2015ರಲ್ಲಿ ರೆಕ್ಕೆ ರಫ್ತಿಗೆ ತಡೆ, 2022ರ ತಿದ್ದುಪಡಿಯಲ್ಲಿ ಇನ್ನಷ್ಟು ಉದ್ದದ ಪಟ್ಟಿ, ಒಂದನೇ ಅನುಸೂಚಿಯ ಅಪರಾಧಕ್ಕೆ ಕನಿಷ್ಠ ದಂಡ 10,000 ರೂಪಾಯಿಯಿಂದ 25,000 ರೂಪಾಯಿಗೆ ಏರಿಕೆ, ಜೊತೆಗೆ ಮೊದಲಿನಂತೆಯೇ ಮೂರರಿಂದ ಏಳು ವರ್ಷ ಜೈಲು. ರೆಕ್ಕೆಯ ಮೇಲಿನ ತಡೆ ಬೇಕಿತ್ತು, ಆ ಬಗ್ಗೆ ಎರಡು ಮಾತಿಲ್ಲ. ಆದರೆ ಬಲೆಗೆ ಬಿದ್ದ ಶಾರ್ಕಿನ ಸಂಖ್ಯೆಯನ್ನು ಇವುಗಳಲ್ಲಿ ಯಾವುದೂ ಕೇಳಲಿಲ್ಲ.

ಕಡಲಸೌತೆ ಎಂಬ ಕಡಲಜೀವಿಯ ಪ್ರಕರಣ ಇನ್ನೂ ನೋವಿನದು. ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿಯ ಮುಳುಗುಗಾರರು ತಲೆಮಾರುಗಳಿಂದ ಅದನ್ನು ಆರಿಸಿ, ಬೇಯಿಸಿ, ಒಣಗಿಸಿ ಪೂರ್ವದ ದೇಶಗಳಿಗೆ ಕಳಿಸುತ್ತಿದ್ದರು. ಹಿಡಿಯುವುದು ಅತಿಯಾದಾಗ 1982ರಲ್ಲಿ ಸರ್ಕಾರ ಸಣ್ಣ ಗಾತ್ರದ್ದಕ್ಕೆ ತಡೆ ಹಾಕಿತ್ತು. ಅದು ನಿರ್ವಹಣೆಯ ದಾರಿ, ಕಾವಲು ಸಡಿಲವಾಗಿದ್ದರೂ. 2001ರಲ್ಲಿ ಎಲ್ಲ ಕಡಲಸೌತೆಗಳೂ ಒಂದನೇ ಅನುಸೂಚಿಗೆ ಹೋದವು. ಅದೇ ನೀರಿನ ಆಚೆ ದಡದ ಶ್ರೀಲಂಕಾದಲ್ಲಿ ಪರವಾನಗಿ ಪಡೆದು ಹಿಡಿಯುವುದು ಕಾನೂನುಬದ್ಧ. ಹೀಗಾಗಿ ಈಚೆ ಹಿಡಿದದ್ದು ಕಳ್ಳದೋಣಿಯಲ್ಲಿ ಆಚೆ ಸೇರಿ ಅಲ್ಲಿಂದ ರಫ್ತಾಗುತ್ತದೆ. ವ್ಯಾಪಾರ ನಿಲ್ಲಲಿಲ್ಲ, ದಂಧೆಗಾರರ ಕೈಗೆ ಹೋಯಿತು. ಮುಳುಗುವವನಿಗೆ ಸಿಗುವ ದುಡ್ಡು ಇಳಿಯಿತು, ಜೈಲಿನ ಪಾಲು ಅವನಿಗೇ ಉಳಿಯಿತು. ಬಂದರಿಗೆ ಬಂದ ಕಡಲಸೌತೆಯ ಲೆಕ್ಕ ಇಡುವುದೂ ನಿಂತಿತು. ಎರಡು ದಶಕದ ನಿಷೇಧದಿಂದ ಅವು ಹೆಚ್ಚಿವೆಯೋ ಇಲ್ಲವೋ ಎಂದು ಅಳೆಯುವ ಕೋಲನ್ನೇ ಕಾನೂನು ಮುರಿದುಹಾಕಿತು.

ನಿಷೇಧವನ್ನು ದಾಟಿ ಮುಂದೆ ಹೋದ ಕಾನೂನು ಹೇಗಿರುತ್ತದೆ ಎಂದು ನೋಡಲು ಮೆಕ್ಸಿಕೊ ಕೊಲ್ಲಿಗೆ ಹೋಗಬೇಕು. ಅಲ್ಲಿನ ಕೆಂಪ್ಸ್ ರಿಡ್ಲೆ ಆಮೆ ನಮ್ಮ ಆಲಿವ್ ರಿಡ್ಲೆಯ ಹತ್ತಿರದ ಬಂಧು. ಮೆಕ್ಸಿಕೊದ ರಾಂಚೊ ನ್ಯೂವೊ ತೀರದಲ್ಲಿ 1947ರಲ್ಲಿ ಒಂದೇ ದಿನ ಸುಮಾರು 40,000 ಹೆಣ್ಣಾಮೆಗಳು ದಡಕ್ಕೆ ಬಂದದ್ದಕ್ಕೆ ಚಲನಚಿತ್ರದ ಸಾಕ್ಷ್ಯವಿದೆ. 1985ರ ಇಡೀ ಹಂಗಾಮಿನಲ್ಲಿ ಸಿಕ್ಕಿದ್ದು 702 ಗೂಡು. ಮೊಟ್ಟೆ ಕದಿಯುವುದನ್ನು ಮೆಕ್ಸಿಕೊ ತಡೆದಿತ್ತು, ಆದರೂ ಆಮೆಗಳು ಸಾಯುತ್ತಿದ್ದವು. ಕಾರಣ ಸಿಗಡಿ ಟ್ರಾಲ್. ಆಮೆ ಉಸಿರಾಡಲು ಮೇಲೆ ಬರಲೇಬೇಕು. ತಾಸುಗಟ್ಟಲೆ ಎಳೆಯುವ ಬಲೆಯ ಚೀಲದೊಳಗೆ ಸಿಕ್ಕರೆ ನೀರಿನ ಪ್ರಾಣಿಯೇ ನೀರಿನಲ್ಲಿ ಮುಳುಗಿ ಸಾಯುತ್ತದೆ. ಅಮೆರಿಕದ ಅಳಿವಿನಂಚಿನ ಜೀವಿಗಳ ಕಾಯ್ದೆ 1973ರದು. ಅದರ ಬಲದಿಂದ 1987ರಲ್ಲಿ ಸಿಗಡಿ ಬೋಟುಗಳಿಗೆ ಹೊಸ ನಿಯಮ ಬಂತು: ಬಲೆಯ ಕುತ್ತಿಗೆಯಲ್ಲಿ ಓರೆಯಾಗಿ ಸರಳುಗಳ ಚೌಕಟ್ಟೊಂದನ್ನು ಕೂರಿಸಬೇಕು. ಸಿಗಡಿ ಸರಳುಗಳ ನಡುವೆ ನುಸುಳಿ ಹಿಂದಿನ ಚೀಲಕ್ಕೆ ಹೋಗುತ್ತದೆ, ಆಮೆ ಸರಳಿಗೆ ತಾಗಿ ಜಾರಿ ಮೇಲಿನ ಇಲ್ಲವೇ ಕೆಳಗಿನ ಬಾಯಿಂದ ಹೊರಗೆ ಹೋಗುತ್ತದೆ. ಟೆಡ್ ಎಂದು ಹೆಸರಾದ ಸಾಧನ ಇದು.

ಆ ಚೌಕಟ್ಟಿನ ಮೂಲ ಪ್ರಯೋಗಾಲಯದಲ್ಲಿ ಇರಲಿಲ್ಲ. ಜಾರ್ಜಿಯಾದ ಸಿಂಕಿ ಬೂನ್ ಎಂಬ ಸಿಗಡಿ ಮೀನುಗಾರ, ಬಲೆ ತುಂಬಿ ಹರಿಯುವ ಅಂಬಲಿ ಮೀನಿನ ಕಾಟ ತಡೆಯಲಾರದೆ ಅವನ್ನು ಹೊರದಬ್ಬಲು ಮಾಡಿಕೊಂಡ ಉಪಾಯ ಅದು. ಹಾಗಿದ್ದೂ ನಿಯಮ ಬಂದಾಗ ಮೀನುಗಾರರು ಸಿಡಿದೆದ್ದರು. 1989ರ ಜುಲೈನಲ್ಲಿ ಟೆಕ್ಸಸ್, ಲೂಸಿಯಾನಾದ ಸಿಗಡಿ ಬೋಟುಗಳು ಸಾಲುಗಟ್ಟಿ ಹಡಗು ದಾರಿಗಳನ್ನೇ ಅಡ್ಡಗಟ್ಟಿದವು. ಸರ್ಕಾರ ಸ್ವಲ್ಪ ಬಗ್ಗಿತು, ಮತ್ತೆ ನೆಟ್ಟಗಾಯಿತು. ಮರುವರ್ಷ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿ, ಮನುಷ್ಯರಿಂದ ಆಗುವ ಆಮೆ ಸಾವಿಗೆ ಸಿಗಡಿ ಟ್ರಾಲೇ ಅತಿ ದೊಡ್ಡ ಕಾರಣ ಎಂದು ವರದಿ ಕೊಟ್ಟಿತು. ಟೆಡ್ ಉಳಿಯಿತು. 2009ರ ಹೊತ್ತಿಗೆ ಕೆಂಪ್ಸ್ ರಿಡ್ಲೆಯ ಗೂಡುಗಳು ಇಪ್ಪತ್ತು ಸಾವಿರದ ಹತ್ತಿರ ಬಂದವು. ಅದಾದ ಮೇಲೆ ಏರಿಕೆ ಹಿಂದಿನ ವೇಗದಲ್ಲಿ ಸಾಗಲಿಲ್ಲ ನಿಜ, ಆದರೂ 702ರಿಂದ ಅಲ್ಲಿಯವರೆಗಿನ ದಾರಿ ಸಣ್ಣದಲ್ಲ. ಕಾನೂನು ಇಲ್ಲಿ ಸಿಗಡಿ ಹಿಡಿಯಬೇಡಿ ಎನ್ನಲಿಲ್ಲ, ಬಲೆಯನ್ನು ಬದಲಿಸಿ ಎಂದಿತು.

ಅದೇ ನಿಯಮ ಭಾರತದ ಬಾಗಿಲಿಗೆ ಬಂದದ್ದು ವ್ಯಾಪಾರದ ದಾರಿಯಿಂದ. ಟೆಡ್ ಇಲ್ಲದ ದೇಶಗಳ ಸಿಗಡಿಗೆ ಅಮೆರಿಕ ತಡೆ ಹಾಕಿದಾಗ ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ಸೇರಿ ವಿಶ್ವ ವಾಣಿಜ್ಯ ಸಂಸ್ಥೆಗೆ ದೂರು ಕೊಟ್ಟವು. 1998ರ ಅಕ್ಟೋಬರ್‌ನಲ್ಲಿ ಮೇಲ್ಮನವಿ ಮಂಡಳಿ ಕೊಟ್ಟ ತೀರ್ಪು ಎರಡು ಅಲಗಿನದು: ಆಮೆ ರಕ್ಷಣೆಗಾಗಿ ಆಮದನ್ನು ನಿರ್ಬಂಧಿಸುವುದು ತಪ್ಪಲ್ಲ, ಆದರೆ ಕೆರಿಬಿಯನ್ ಕಡೆಯ ದೇಶಗಳಿಗೆ ಮೂರು ವರ್ಷ ಕಾಲಾವಕಾಶ ಕೊಟ್ಟು ಏಷ್ಯಾದ ದೇಶಗಳಿಗೆ ಕೆಲವೇ ತಿಂಗಳು ಕೊಟ್ಟದ್ದು ತಾರತಮ್ಯ. ಅಮೆರಿಕ ವಿಧಾನ ತಿದ್ದಿಕೊಂಡಿತು, ನಿಯಮ ಉಳಿಯಿತು. 2019ರಲ್ಲಿ ಭಾರತದ ಕಡಲಿನಲ್ಲಿ ಹಿಡಿದ ಸಿಗಡಿಗೆ ಅಮೆರಿಕದ ಮಾರುಕಟ್ಟೆ ಮುಚ್ಚಿತು. ಅಲ್ಲಿಗೆ ಹೋಗುವ ಭಾರತದ ಸಿಗಡಿಯ ಬಹುಪಾಲು ಕೆರೆಯಲ್ಲಿ ಸಾಕಿದ್ದಾದ್ದರಿಂದ ಸದ್ದು ಹೆಚ್ಚು ಕೇಳಲಿಲ್ಲ.

ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ಬೋಟುಗಳಿಗೆ ಹೊಂದುವ ಟೆಡ್ ರೂಪಿಸಿ ಎಷ್ಟೋ ವರ್ಷವಾಯಿತು. ಅದರಿಂದ ಸಿಗಡಿಯ ನಷ್ಟ ತೀರಾ ಕಡಿಮೆ ಎಂದು ಪ್ರಯೋಗಗಳು ತೋರಿಸಿವೆ. ಆದರೂ ಬೋಟಿನವರು ಒಪ್ಪುವುದಿಲ್ಲ, ಅವರ ಮಾತಿನಲ್ಲಿ ಹುರುಳಿದೆ. ಮೆಕ್ಸಿಕೊ ಕೊಲ್ಲಿಯ ಬೋಟಿಗೆ ಬೇಕಿರುವುದು ಸಿಗಡಿ ಮಾತ್ರ, ಉಳಿದದ್ದು ಅದಕ್ಕೆ ಕಸ. ಮಲ್ಪೆಯಲ್ಲಾಗಲಿ ಮಂಗಳೂರಿನಲ್ಲಾಗಲಿ ಕಸವೆಂಬುದೇ ಇಲ್ಲ. ಸಿಗಡಿ ಒಂದು ಬುಟ್ಟಿಗೆ, ಬೊಂಡಾಸು ಒಂದಕ್ಕೆ, ದೊಡ್ಡ ತೊರಕೆ ಬೇರೆ ಬೆಲೆಗೆ. ಕೊನೆಗೆ ಉಳಿದ ಪುಡಿ ಮೀನು ಫಿಶ್‌ಮೀಲ್ ಕಾರ್ಖಾನೆಗೆ. ಆಮೆ ಹೊರಹೋಗುವ ಬಾಯಿಯಿಂದ ದೊಡ್ಡ ತೊರಕೆಯೂ ದೊಡ್ಡ ಮೀನೂ ಹೋಗುತ್ತವೆ. ಆ ದಿನದ ಲಾಭ ಇದ್ದದ್ದು ಅವುಗಳಲ್ಲೇ ಇರಬಹುದು. ಸಾಧನವನ್ನು ಪುಕ್ಕಟೆ ಹಂಚಿದರೂ ಕಡಲಿಗೆ ಹೋದ ಮೇಲೆ ಆ ಬಾಯಿಯನ್ನು ಹೊಲಿದುಬಿಡಲು ಒಂದು ಸೂಜಿ ಸಾಕು. ಈ ನಷ್ಟವನ್ನು ಯಾರು ಹೊರಬೇಕು ಎಂಬ ಮಾತು ಮೊದಲು ಇತ್ಯರ್ಥವಾಗಬೇಕು.

ಎಣಿಸುವ ಕಾನೂನಿನ ನಿಚ್ಚಳ ಉದಾಹರಣೆ ಹವಾಯಿಯದು. ಅಲ್ಲಿ ಮೈಲುಗಟ್ಟಲೆ ಉದ್ದದ ಹಗ್ಗಕ್ಕೆ ಗಾಳ ಕಟ್ಟಿ ಕತ್ತಿ ಮೀನು ಹಿಡಿಯುತ್ತಾರೆ. ಆ ಗಾಳಕ್ಕೆ ಲಾಗರ್‌ಹೆಡ್, ಲೆದರ್‌ಬ್ಯಾಕ್ ಆಮೆಗಳೂ ಬೀಳುತ್ತಿದ್ದವು. ಪರಿಸರ ಸಂಘಟನೆಗಳು ಕೋರ್ಟಿಗೆ ಹೋದವು, 2001ರಲ್ಲಿ ಈ ಮೀನುಗಾರಿಕೆ ನಿಂತಿತು. ಮೂರು ವರ್ಷದ ಬಳಿಕ ಅದು ಹೊಸ ಷರತ್ತುಗಳೊಂದಿಗೆ ಮತ್ತೆ ತೆರೆಯಿತು: ಜೆ ಆಕಾರದ ಗಾಳದ ಬದಲು ದೊಡ್ಡ ದುಂಡನೆ ಗಾಳ, ಸ್ಕ್ವಿಡ್ ಬದಲು ಬಂಗುಡೆ ಜಾತಿಯ ಮೀನಿನ ಎರೆ, ಪ್ರತಿ ಬೋಟಿನಲ್ಲೂ ಸರ್ಕಾರದ ಒಬ್ಬ ವೀಕ್ಷಕ. ಜೊತೆಗೊಂದು ಗಡಿಯೂ ಆಗ ಇತ್ತು: ವರ್ಷಕ್ಕೆ ಗಾಳಕ್ಕೆ ಬೀಳಬಹುದಾದ ಲಾಗರ್‌ಹೆಡ್ 17, ಲೆದರ್‌ಬ್ಯಾಕ್ 16. ಗಡಿ ಮುಟ್ಟಿದರೆ ಆ ವರ್ಷದ ಮಟ್ಟಿಗೆ ಇಡೀ ಮೀನುಗಾರಿಕೆ ಬಂದ್. 2006ರಲ್ಲಿ ಮಾರ್ಚ್ ತಿಂಗಳಲ್ಲೇ ಗಡಿ ಮುಟ್ಟಿತು, ಬಂದ್ ಆಯಿತು. 2011ರಲ್ಲಿ ಮತ್ತೊಮ್ಮೆ. ಗಾಳಕ್ಕೆ ಬೀಳುವ ಲಾಗರ್‌ಹೆಡ್ ಪ್ರಮಾಣವಂತೂ ಶೇಕಡ 90ರಷ್ಟು ಇಳಿಯಿತು.

ಇದು ಸಾಧ್ಯವಾದದ್ದು ಅಮೆರಿಕದ ಕಾಯ್ದೆಗೆ 1982ರಲ್ಲಿ ಸೇರಿದ ಒಂದು ತಿದ್ದುಪಡಿಯಿಂದ. ಬೇರೆ ಕೆಲಸ ಮಾಡುವಾಗ ಬೇಡದೆ ಸಂಭವಿಸುವ ಸಾವುಗಳನ್ನು ಅದು ಒಪ್ಪಿಕೊಳ್ಳುತ್ತದೆ, ಆದರೆ ಎಷ್ಟು ಎಂಬ ಸಂಖ್ಯೆಯನ್ನು ಮೊದಲೇ ಬರೆಸಿಕೊಳ್ಳುತ್ತದೆ. ಸಂಖ್ಯೆ ಮೀರಿದರೆ ಮತ್ತೆ ಸಮಾಲೋಚನೆಗೆ ಕೂರಬೇಕು. ಕೇಳಲು ಕಟುವಾದ ಲೆಕ್ಕ ಇದು, ಒಂದು ಆಮೆಯೂ ಸಾಯಬಾರದು ಎನ್ನುವಷ್ಟು ಪುಣ್ಯದ್ದಲ್ಲ. ಆದರೂ ಪಟ್ಟಿಯಲ್ಲಿ ಸೊನ್ನೆ ಬರೆದು ಕಡಲಿನಲ್ಲಿ ಎಷ್ಟು ಸತ್ತವೆಂದು ಕೇಳದಿರುವುದಕ್ಕಿಂತ ಪ್ರಾಮಾಣಿಕ. ಹವಾಯಿಯ ದಾರಿಗೂ ಒಂದು ಮಿತಿಯಿದೆ: ಅಲ್ಲಿ ಬಾಗಿಲು ಮುಚ್ಚಿದಾಗ ಅಮೆರಿಕದವರು ಕತ್ತಿ ಮೀನು ತಿನ್ನುವುದನ್ನು ಬಿಡಲಿಲ್ಲ, ಅಂಥ ಕಟ್ಟುಪಾಡಿಲ್ಲದ ದೇಶಗಳಿಂದ ತರಿಸಿಕೊಂಡರು. ಆ ಬೋಟುಗಳ ಗಾಳಕ್ಕೆ ಬಿದ್ದ ಆಮೆಗಳು ಹವಾಯಿಯ ಲೆಕ್ಕದ ಪುಸ್ತಕಕ್ಕೆ ಬರುವುದಿಲ್ಲ.

ಒಡಿಶಾದಲ್ಲಿ ಪ್ರಶ್ನೆ ಬಲೆಯಿಂದ ಜಾಗಕ್ಕೆ ಹೊರಳುತ್ತದೆ. ಆಲಿವ್ ರಿಡ್ಲೆಗಳು ಲಕ್ಷಗಟ್ಟಲೆ ಬಂದು ಮೊಟ್ಟೆಯಿಡುವ ಗಹಿರ್‌ಮಠವನ್ನು 1997ರಲ್ಲಿ ಸುಮಾರು 1,435 ಚದರ ಕಿಲೋಮೀಟರಿನ ಕಡಲ ಅಭಯಾರಣ್ಯವೆಂದು ಘೋಷಿಸಲಾಯಿತು. ಧಮ್ರಾ, ದೇವಿ, ರುಶಿಕುಲ್ಯಾ ನದಿಮುಖಗಳ ಸುತ್ತ ನವೆಂಬರ್‌ನಿಂದ ಮೇ ಕೊನೆಯವರೆಗೆ ಏಳು ತಿಂಗಳು ಮೀನುಗಾರಿಕೆಗೆ ತಡೆ. ಟ್ರಾಲ್ ಬೋಟುಗಳನ್ನು ದೂರವಿಡಲು ಇದು ಬೇಕಿತ್ತು. ಆದರೆ ಕಡಲನ್ನು ಅಭಯಾರಣ್ಯ ಮಾಡುವಾಗ ಸ್ಥಳೀಯ ಮೀನುಗಾರರ ಕಸುಬಿನ ಹಿತ ಕಾಯಬೇಕೆಂದು ವನ್ಯಜೀವಿ ಕಾಯ್ದೆಯ 26ಎ ಕಲಮು ಸ್ಪಷ್ಟವಾಗಿ ಹೇಳುತ್ತದೆ. ನಾಡದೋಣಿಯವರು ಆ ಕಲಮನ್ನೇ ಹಿಡಿದು ವರ್ಷಗಟ್ಟಲೆ ವಾದಿಸಬೇಕಾಯಿತು. 2004ರಲ್ಲಿ ಮೀನುಗಾರರ ಸಂಘಟನೆಗಳೂ ಆಮೆ ಸಂರಕ್ಷಕರೂ ಒಂದೇ ವೇದಿಕೆ ಕಟ್ಟಿಕೊಂಡು ಮಾತಿಗೆ ಕೂತದ್ದು ಒಳ್ಳೆಯ ಬೆಳವಣಿಗೆ. ನಾಡದೋಣಿ ಮತ್ತು ಟ್ರಾಲ್ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಕಾನೂನು ಆಮೆಗೂ ನ್ಯಾಯ ಮಾಡುವುದಿಲ್ಲ ಎಂಬುದು ಇಬ್ಬರಿಗೂ ಅರ್ಥವಾಗಿತ್ತು.

ಭಾರತದ ಕಾನೂನಿನ ಮಿತಿಯೊಳಗೇ ಬೇರೊಂದು ದಾರಿ ಸಾಧ್ಯವೆಂದು ತೋರಿಸಿದ್ದು ಗುಜರಾತ್. ತಿಮಿಂಗಿಲ ಶಾರ್ಕ್ ಪಟ್ಟಿಗೆ ಬಂದ ಮೇಲೂ ಬಲೆಗೆ ಬೀಳುತ್ತಿತ್ತು. 2004ರಿಂದ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ಅರಣ್ಯ ಇಲಾಖೆ ಮತ್ತು ಟಾಟಾ ಕೆಮಿಕಲ್ಸ್ ಸೇರಿ ನಡೆಸಿದ ಅಭಿಯಾನಕ್ಕೆ ಕಥಾವಾಚಕ ಮೊರಾರಿ ಬಾಪು ದನಿಗೂಡಿಸಿದರು. ಹೆರಿಗೆಗೆ ತವರಿಗೆ ಬಂದ ಮಗಳನ್ನು ಕೊಲ್ಲುತ್ತಾರೆಯೇ ಎಂಬ ಅವರ ಮಾತು ಸೌರಾಷ್ಟ್ರದ ಕರಾವಳಿಯಲ್ಲಿ ಕೆಲಸ ಮಾಡಿತು. ಆ ಮಾತಿಗೆ ಬಲ ಬಂದದ್ದು ಮಾತ್ರ ಇನ್ನೊಂದು ಏರ್ಪಾಟಿನಿಂದ: ಶಾರ್ಕನ್ನು ಬಿಡಿಸಲು ಬಲೆ ಕತ್ತರಿಸಿದರೆ ಸರ್ಕಾರ ಪರಿಹಾರ ಕೊಡುತ್ತದೆ, ಬಿಡಿಸಿದ್ದಕ್ಕೆ ಮೀನುಗಾರನೇ ತೆಗೆದ ಫೋಟೊ ಸಾಕ್ಷಿ. ಮೊದಲು ಅರಣ್ಯಾಧಿಕಾರಿ ಬಂದು ನೋಡುವವರೆಗೆ ಕಾಯಬೇಕಿತ್ತು. ಆ ಷರತ್ತು ಸಡಿಲವಾದ ಮೇಲೆ ಬಿಡುಗಡೆಗೆ ಹಿಡಿಯುವ ಸಮಯ ಕಡಿಮೆಯಾಯಿತು, ಬದುಕುಳಿಯುವ ಸಾಧ್ಯತೆ ಹೆಚ್ಚಿತು. ನೂರಾರು ತಿಮಿಂಗಿಲ ಶಾರ್ಕ್‌ಗಳು ಹೀಗೆ ಕಡಲಿಗೆ ಮರಳಿವೆ. ಮಹಾರಾಷ್ಟ್ರ 2018ರ ಕೊನೆಗೆ ಇದೇ ಮಾದರಿಯನ್ನು ಆಮೆ, ಡಾಲ್ಫಿನ್ ಮೊದಲಾದ ರಕ್ಷಿತ ಜೀವಿಗಳಿಗೂ ವಿಸ್ತರಿಸಿ, ಕತ್ತರಿಸಿದ ಬಲೆಗೆ ಗರಿಷ್ಠ 25,000 ರೂಪಾಯಿ ನಿಗದಿ ಮಾಡಿತು. ಹಣಕ್ಕಿಂತ ದೊಡ್ಡ ಲಾಭವೊಂದು ಇದರಲ್ಲಿದೆ. ಯಾವ ಜೀವಿ, ಎಲ್ಲಿ, ಯಾವ ದಿನ, ಯಾವ ಬಲೆಗೆ ಬಿತ್ತು ಎಂಬ ದಾಖಲೆ ಮೀನುಗಾರನ ಕೈಯಿಂದಲೇ ಬರತೊಡಗಿತು.

ಇಂಥ ದಾಖಲೆ ಎಲ್ಲೆಡೆ ಸಿಗಬೇಕಾದರೆ ಬೇಡದೆ ಬಿದ್ದದ್ದನ್ನು ಹೇಳಿಕೊಂಡವನಿಗೆ ಶಿಕ್ಷೆಯ ಭಯ ಇರಬಾರದು. ಇದಕ್ಕೆ ಬಲವಾದ ಆಕ್ಷೇಪವಿದೆ. ಬೇಡದೆ ಬಿದ್ದದ್ದಕ್ಕೆ ಶಿಕ್ಷೆಯಿಲ್ಲ ಎಂದು ಕಾನೂನು ಹೇಳಿದರೆ, ಬೇಕೆಂದೇ ಹಿಡಿದವನೂ ಬೇಡದೆ ಬಿತ್ತು ಎನ್ನುತ್ತಾನೆ. ಒಂದು ಗರಗಸ ಮೀನಿನ ರೆಕ್ಕೆಯ ಬೆಲೆ ಕಂಡವರಿಗೆ ಈ ಅನುಮಾನ ಅತಿಯೆನಿಸುವುದಿಲ್ಲ. ಅದಕ್ಕೆ ಉತ್ತರ ಮಾರಾಟದ ನಿಷೇಧದಲ್ಲಿದೆ. ಸತ್ತು ಬಂದ ರಕ್ಷಿತ ಮೀನನ್ನು ಬಂದರಿನಲ್ಲಿ ಒಪ್ಪಿಸಬೇಕು, ಒಂದು ಪೈಸೆಗೂ ಮಾರುವಂತಿಲ್ಲ. ಒಪ್ಪಿಸಿದವನ ಮೇಲೆ ಕೇಸಿಲ್ಲ, ಮಾರಿದವನ ಮೇಲೂ ಕೊಂಡವನ ಮೇಲೂ ಇದೆ. ಹಾಗಾದಾಗ ಬೇಕೆಂದು ಹಿಡಿಯಲು ಕಾರಣವೇ ಉಳಿಯುವುದಿಲ್ಲ. ಒಂದೇ ಬೋಟು ಮತ್ತೆ ಮತ್ತೆ ಒಪ್ಪಿಸಲು ಬಂದರೆ ಅದು ಎಲ್ಲಿ, ಯಾವ ಬಲೆ ಬಿಡುತ್ತಿದೆ ಎಂದು ವಿಚಾರಿಸಲು ದಾಖಲೆಯೂ ಸಿಗುತ್ತದೆ.

ಇದನ್ನು ಜಾರಿಗೆ ತರಲು ಅಡ್ಡಿಯಿರುವುದು ಆಡಳಿತದ ಹಂಚಿಕೆಯಲ್ಲಿ. ದಡದಿಂದ 12 ನಾಟಿಕಲ್ ಮೈಲಿಯೊಳಗಿನ ಮೀನುಗಾರಿಕೆ ರಾಜ್ಯದ ವಿಷಯ, ಅದರಾಚೆ ಕೇಂದ್ರದ್ದು, ವನ್ಯಜೀವಿ ಇಬ್ಬರದ್ದೂ. ಒಂದೇ ಶಾರ್ಕ್ ಬಂದರಿನಲ್ಲಿ ಮೀನುಗಾರಿಕೆ ಇಲಾಖೆಗೆ ಉತ್ಪಾದನೆ, ಅರಣ್ಯ ಇಲಾಖೆಗೆ ಅಪರಾಧ. ಒಂದು ಇಲಾಖೆ ಬೋಟಿಗೆ ಸಬ್ಸಿಡಿ ಕೊಡುತ್ತದೆ, ಇನ್ನೊಂದು ಅದೇ ಬೋಟಿನ ಮೇಲೆ ಮಹಜರು ಬರೆಯುತ್ತದೆ. ಕರ್ನಾಟಕದ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಯಾವ ಬಲೆ, ಯಾವ ಜಾಗ, ಯಾವ ಕಾಲ ಎಂದು ನಿರ್ಧರಿಸುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ. ಜೂನ್, ಜುಲೈನ 61 ದಿನ ಯಾಂತ್ರಿಕ ಬೋಟುಗಳು ಬಂದರಿನಲ್ಲಿ ನಿಲ್ಲುವುದನ್ನು ಕರಾವಳಿ ಗೊಣಗಿಕೊಂಡಾದರೂ ಪಾಲಿಸುತ್ತದೆ, ಮೀನು ಮರಿಯಾಗುವ ಕಾಲವೆಂಬ ಕಾರಣ ಎಲ್ಲರಿಗೂ ಕಣ್ಣೆದುರಿಗಿರುವುದರಿಂದ. ತಾಟೆ, ತೊರಕೆ ಎಲ್ಲಿ ಮರಿಹಾಕುತ್ತವೆ ಎಂಬುದು ದಾಖಲೆಯಿಂದ ಗೊತ್ತಾದರೆ ಅಂಥದ್ದೇ ಕಾರಣ ಕೊಟ್ಟು ಅಷ್ಟು ಜಾಗವನ್ನು ಅಷ್ಟು ಕಾಲ ಬಿಟ್ಟುಕೊಡಿ ಎಂದು ಕೇಳಬಹುದು. ಕಾನೂನಿನ ಬಗ್ಗೆ ಮೀನುಗಾರರಿಗೆ ಹುಟ್ಟು ದ್ವೇಷವೇನಿಲ್ಲ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಹೋರಾಡಿದವರು ತಮ್ಮ ಮನೆ, ಕಸುಬಿನ ಜೊತೆಗೆ ಮುಂದಿಟ್ಟ ವಾದ, ಇದು ಕಡಲಾಮೆ ಮೊಟ್ಟೆಯಿಡುವ ತೀರ ಎಂಬುದು.

ಬಂದರಿನಲ್ಲಿ ಒಂದು ದಾಖಲೆ ಪುಸ್ತಕ, ಒಪ್ಪಿಸಿದವನಿಗೆ ರಕ್ಷಣೆ, ಕತ್ತರಿಸಿದ ಬಲೆಗೆ ತಡವಿಲ್ಲದ ಪರಿಹಾರ, ಎರಡೂ ಇಲಾಖೆ ಒಟ್ಟಿಗೆ ಕೂತು ಓದುವ ಅಂಕಿಅಂಶ: ಇಷ್ಟನ್ನು ಆರಂಭಿಸಲು ಕೇಂದ್ರದ ತಿದ್ದುಪಡಿಗೆ ಕಾಯುತ್ತಾ ಕೂರಬೇಕಿಲ್ಲ, ಶಿಕ್ಷೆಯ ವಿನಾಯಿತಿಗೆ ಮಾತ್ರ ಅದು ಬೇಕು. ಆರಂಭಿಸಿದವರು ಒಂದು ಸಂಗತಿಗೆ ಮೊದಲೇ ಸಿದ್ಧರಾಗಿರಬೇಕು. ಮೊದಲ ಒಂದೆರಡು ವರ್ಷ ಬಲೆಗೆ ಬಿದ್ದ ರಕ್ಷಿತ ಜೀವಿಗಳ ಸಂಖ್ಯೆ ಏರಿದಂತೆ ಕಾಣುತ್ತದೆ, ಇಷ್ಟು ದಿನ ಕಡಲಿಗೆ ಎಸೆದದ್ದು ಈಗ ಪುಸ್ತಕಕ್ಕೆ ಬರುವುದರಿಂದ. ಆ ಏರಿಕೆಗೆ ಬೆದರಿ ಯಾವುದೋ ಕಚೇರಿ ನಾಲ್ಕು ಬೋಟುಗಳ ಮೇಲೆ ಕೇಸು ಜಡಿದರೆ ಮರುದಿನದಿಂದಲೇ ಆ ಪುಸ್ತಕದಲ್ಲಿ ಬರೆಯುವವರು ಇರುವುದಿಲ್ಲ.